ಸತ್ತ ಬಳ್ಳಿ

ಜೀವ ಇರುವ ಎಲೆಬಳ್ಳಿಯನ್ನು ನಾನು ಒಂದು ಸಲವೂ ಮುಟ್ಟಿಲ್ಲ. ಸತ್ತದ್ದನ್ನು ಹೊತ್ತಿದ್ದೇನೆ.

ಈರಬಸಪ್ಪ ಗೌಡರಿಗೆ ಹಳ್ಳದ ದಂಡೆಗೆ ಎರಡು ಎಲೆತೋಟ, ವೀಳ್ಯದೆಲೆಯವು. ಒಂದು ಮೇಲೆ, ಅಡವಿಯಿಂದ ಹಳ್ಳ ಹೊರಗೆ ಬೀಳುವಲ್ಲಿ. ಇನ್ನೊಂದು ಕೆಳಗೆ, ದುಮ್ಮವಾಡದ ರಸ್ತೆಯ ಸೇತುವೆ ಹತ್ತಿರ. ನಡುವೆ ನಮ್ಮ ಮಾದರ ಕೇರಿ. ಹರಿಯುವ ನೀರು ಮೊದಲು ಅವರದ್ದು, ಆಮೇಲೆ ನಮ್ಮದು, ಆಮೇಲೆ ಮತ್ತೆ ಅವರದ್ದು. ಜಗಳ ಇರುವುದು ಇಷ್ಟರಲ್ಲೇ.

ತೋಟಕ್ಕೆ ನೇಮ ಇದೆ. ಎಲೆಬಳ್ಳಿ ಎಂದರೆ ಲಕ್ಷ್ಮಿ. ಚಪ್ಪಲಿ ಬೇಲಿಯ ಹೊರಗೆ ಬಿಡಬೇಕು. ಮುಟ್ಟಾದ ಹೆಂಗಸು ಆ ಕಡೆ ಸುಳಿಯಬಾರದು. ಮಾದರ ನೆರಳು ಬಳ್ಳಿಯ ಮೇಲೆ ಬೀಳಬಾರದು. ವರ್ಷಕ್ಕೊಮ್ಮೆ ಬಳ್ಳಿಯ ಬುಡಕ್ಕೆ ಕೆಂಪು ಮಣ್ಣು ಕೊಡಬೇಕು. ಆ ಮಣ್ಣು ಅಗೆಯುವವರು ನಾವು. ಹೊರುವವರು ನಾವು. ಬೇಲಿಯ ತನಕ. ಬೇಲಿಯ ಬಾಯಿಗೆ ಬುಟ್ಟಿ ಇಳಿಸಿ ಹಿಂದೆ ಸರಿಯಬೇಕು. ನಮ್ಮಪ್ಪ ತಿರಕಪ್ಪ ಹಾಗೆ ಇಪ್ಪತ್ತು ವರ್ಷ ಹೊತ್ತ. ಅವನ ಕುತ್ತಿಗೆ ಈಗ ಎಡಕ್ಕೆ ವಾಲಿ ನಿಂತಿದೆ. ನೇರ ಮಾಡಲು ಬರುವುದಿಲ್ಲ. ಆ ತೋಟದ ಬಳ್ಳಿ ಹೇಗಿರುತ್ತದೆ ಎಂದು ಕೇಳಿದರೆ, “ದೂರದಿಂದ ಹಸರಾಗಿರತೈತಿ” ಅನ್ನುತ್ತಾನೆ.

ಹೋದ ವರ್ಷ ಗೌಡರ ಮಗ ಕಾಶಿನಾಥ ಎಲ್ಲಿಂದಲೋ ಹೊಸ ತಳಿ ಅಂತ ಬಳ್ಳಿ ತಂದ. ಟ್ರ್ಯಾಕ್ಟರ್ ತುಂಬ, ಕರಿ ಪ್ಲಾಸ್ಟಿಕ್ ಚೀಲದಲ್ಲಿ, ಹಸಿ ಮಣ್ಣು ಸಮೇತ. ಟ್ರ್ಯಾಕ್ಟರ್ ಬೇಲಿ ದಾಟಿ ಮೇಲಿನ ತೋಟದ ಒಳಗೇ ಹೋಯಿತು. ಟ್ರ್ಯಾಕ್ಟರಿಗೆ ಚಪ್ಪಲಿ ಬಿಚ್ಚು ಅಂತ ಯಾರೂ ಹೇಳಲಿಲ್ಲ.

ಶ್ರಾವಣದ ಮಳೆ ಹಿಡಿದದ್ದೇ ಆ ತೋಟ ಕೊಳೆಯತೊಡಗಿತು. ಎಲೆ ಹಳದಿಯಾಗಿ ಜೋತು ಬಿದ್ದವು. ಬುಡ ಕರ್ರಗಾಯಿತು. ಬೆರಳಿಂದ ಒತ್ತಿದರೆ ಸಿಪ್ಪೆ ಜಾರಿ ಕೈಗೆ ಬರುತ್ತಿತ್ತು. ಒಂದು ಬಳ್ಳಿ ಸತ್ತರೆ ಗೌಡರ ತಾಯಿ ರೇವವ್ವ ಅದನ್ನು ಮೊರದಲ್ಲಿಟ್ಟು ಅರಿಷಿಣ ಹಚ್ಚಿ ತಾನೇ ಹಳ್ಳಕ್ಕೆ ಬಿಡುತ್ತಿದ್ದಳು. ಅವರ ಮನೆಯ ರೂಢಿ ಅದು. ಲಕ್ಷ್ಮಿಯನ್ನು ಸುಡಬಾರದು. ತಿಪ್ಪೆಗೆ ಒಗೆಯಬಾರದು. ಹರಿಯುವ ನೀರಿಗೆ ಬಿಡಬೇಕು. ಆದರೆ ಆ ವರ್ಷ ಸತ್ತದ್ದು ಒಂದಲ್ಲ, ಅರ್ಧ ತೋಟ. ಮೊರ ಸಾಲಲಿಲ್ಲ. ನಮ್ಮನ್ನು ಕರೆದರು.

“ನೆರಳ ಬೀಳಬಾರದಂತಿದ್ರಲ್ರಿ?” ಅಂತ ನಾನು ಕಾಶಿನಾಥನನ್ನು ಕೇಳಿದೆ.

“ಸತ್ತ ಮ್ಯಾಲೆ ಮೈಲಿಗಿ ಇಲ್ಲ, ಬರ್ರಿ ಬರ್ರಿ,” ಅಂದ.

ಎಮ್ಮೆಯ ಹಾಲು ಅವರಿಗೆ, ಎಮ್ಮೆಯ ಹೆಣ ನಮಗೆ. ಬಳ್ಳಿಗೂ ಅದೇ ಕಾಯ್ದೆ ಎಂದು ಅವತ್ತು ತಿಳಿಯಿತು.

ಮೂರು ದಿನ ಹೊತ್ತೆವು. ನಾನು, ನಮ್ಮವ್ವ ಗಾಳೆವ್ವ, ತಂಗಿ ಭಾಗ್ಯಾ, ಕೇರಿಯ ಇನ್ನೂ ಎಂಟು ಮಂದಿ. ಕೊಳೆತ ಬಳ್ಳಿಯ ಸಿವುಡು ಕಟ್ಟಿ ಹೆಗಲಿಗೇರಿಸಿದರೆ ಕರಿ ಲೋಳೆ ಬೆನ್ನಿನ ಮೇಲೆ ಹರಿದು ಸೊಂಟದಲ್ಲಿ ನಿಲ್ಲುತ್ತಿತ್ತು. ಸತ್ತ ಇಲಿಯ ವಾಸನೆ. ಊಟಕ್ಕೆ ಕೂತರೆ ರೊಟ್ಟಿಗೂ ಅದೇ ವಾಸನೆ. ಸಿವುಡು ತಂದು ತೋಟದ ಕೆಳಗಿನ ಮಡುವಿಗೆ ಇಳಿಸುತ್ತಿದ್ದೆವು. ರೇವವ್ವ ದಂಡೆಯ ಮೇಲೆ ನಿಂತು ಕುಂಕುಮ ಒಗೆದು, “ಹೋಗಿ ಬಾರವ್ವ ತಾಯಿ” ಅನ್ನುತ್ತಿದ್ದಳು. ತಾಯಿ ಹೋದಳು. ನಮ್ಮ ಕೇರಿಯ ಕಡೆಗೇ ಹೋದಳು.

ಕೇರಿಗೆ ಒಂದು ದಡ ಇದೆ. ಅಲ್ಲಿ ದೊಡ್ಡ ಹೊಳೆಮತ್ತಿ ಗಿಡ. ನಾಲ್ಕು ಮಂದಿ ಕೈ ಹಿಡಿದರೂ ತಬ್ಬಲು ಆಗದಷ್ಟು ದಪ್ಪ. ಅದರ ಬೇರಿನ ನಡುವೆ ಒಗೆಯುವ ಬಂಡೆಗಳು. ಕೇರಿಯ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ. ಅದು ಕುಡಿಯಲಿಕ್ಕೇ ಸಾಲದು. ಮೈ ತೊಳೆಯುವುದು, ಬಟ್ಟೆ ಒಗೆಯುವುದು, ಕೂಸು ಮೀಯಿಸುವುದು ಎಲ್ಲ ಆ ದಡದಲ್ಲೇ. ಊರಲ್ಲಿ ಯಾರೂ ನಮಗೆ ‘ದೂರ ಸರಿ’ ಅನ್ನದ ಜಾಗ ಅದೊಂದೇ.

ಈ ವರ್ಷ ಹಳ್ಳದ ಗಿಡಗಳು ಸಾಯತೊಡಗಿದವು. ಮೊದಲು ಮಡುವಿನ ಬಾಜೂ ಇದ್ದ ನೇರಳೆ. ಆಮೇಲೆ ಹುಲಗಲ, ಅಂದರೆ ಹೊಂಗೆ ಗಿಡ. ಆಮೇಲೆ ನಮ್ಮ ಹೊಳೆಮತ್ತಿಯ ಬುಡದಲ್ಲಿ ಕರಿ ನೀರು ಒಸರಿತು. ಮೇಲಿನ ಟೊಂಗೆ ಬೋಳಾದವು. ನಮ್ಮಪ್ಪ ವಾಲಿದ ಕುತ್ತಿಗೆಯಿಂದಲೇ ನೋಡಿ, “ಬುಡದಾಗ ಏನೋ ಸೇರೇತಿ” ಅಂದ. ಅದಾದ ಹದಿನೈದು ದಿನಕ್ಕೆ ಗೌಡರ ಕೆಳಗಿನ ತೋಟ ಕೊಳೆಯಿತು.

ಗಿಡ ಸತ್ತಾಗ ಯಾರೂ ಸಭೆ ಕರೆದಿರಲಿಲ್ಲ. ತೋಟ ಕೊಳೆತಾಗ ಕರೆದರು.

ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಅವರು ಕೂತರು. ನಾವು ಕೆಳಗೆ ಬಿಸಿಲಲ್ಲಿ ನಿಂತೆವು. ಈರಬಸಪ್ಪ ಗೌಡರು ಮೆತ್ತಗೆ ಮಾತಾಡುವ ಮನುಷ್ಯ. ಮೆತ್ತಗೇ ಶುರು ಮಾಡಿದರು.

“ನೋಡ್ರೆಪಾ, ನಾ ಯಾರಿಗೂ ಬೈಯಂಗಿಲ್ಲ. ಆದ್ರ ನಿಮ್ಮ ದಡದ ನೀರ ನನ್ನ ತ್ವಾಟಕ್ಕ ಬರತೈತಿ. ಲಕ್ಷ್ಮಿ ಮುನಿಸಿಕೊಂಡಾಳ.”

ಕಾಶಿನಾಥನಿಗೆ ಮೆತ್ತಗೆ ಬರುವುದಿಲ್ಲ. “ಅಪ್ಪಾ, ಬಿಡಿಸಿ ಹೇಳು. ಹೆಂಗಸರು ಎಂಥಾ ಬಟ್ಟಿ ತೊಳೀತಾರ ಅಲ್ಲೆ? ಬಾಯಿಬಿಟ್ಟ ಹೇಳಬೇಕೇನು?” ಎಂದವನು ಕೈ ಎತ್ತಿ ಭಾಗ್ಯಾನ ಕಡೆ ತೋರಿಸಿದ. “ಮೊನ್ನಿ ಈಕಿ ತೊಳಿಯೂದು ಕಣ್ಣಾರೆ ನೋಡೀನಿ. ಹಂತಾ ನೀರ ಕುಡಿದು ಬಳ್ಳಿ ಬದಕತೈತೇನು?”

ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು. ಊರೆಲ್ಲ ನನ್ನ ತಂಗಿಯನ್ನು ನೋಡಿತು. ಹತ್ತೊಂಬತ್ತು ವರ್ಷದವಳು. ಸೆರಗು ಎಳೆದುಕೊಂಡಳು. ಎಷ್ಟು ಎಳೆದರೂ ಸಾಲಲಿಲ್ಲ.

ನಾನು ಮುಂದೆ ಹೆಜ್ಜೆ ಇಟ್ಟೆ. ಅವ್ವ ಹಿಂದಿನಿಂದ ಅಂಗಿ ಹಿಡಿದಳು. “ಈಗ ಬ್ಯಾಡೊ ಯಮನೂರ. ಈಗ ಬ್ಯಾಡ.”

ತೀರ್ಮಾನ ಆಯಿತು. ಅಮಾಸೆಯ ಮರುದಿನ ದಡಕ್ಕೆ ಮುಳ್ಳುತಂತಿಯ ಬೇಲಿ. ಕೇರಿಯ ಮಂದಿ ಹಳ್ಳಕ್ಕೆ ಇಳಿಯಕೂಡದು.

ಅವತ್ತಿನಿಂದ ಭಾಗ್ಯಾ ದಡಕ್ಕೆ ಹೋಗುವುದು ಬಿಟ್ಟಳು. ಕೊಡದ ತಳದ ನೀರಿನಲ್ಲಿ ತೊಳೆದು, ಮುಟ್ಟಿನ ಬಟ್ಟೆಯನ್ನು ಹೊರಸಿನ ಕೆಳಗೆ, ಕತ್ತಲಲ್ಲಿ, ಹರಕು ಚಾಪೆಯ ಮರೆಗೆ ಹರವುತ್ತಿದ್ದಳು. ಮಳೆಗಾಲ. ಅದು ಒಣಗುತ್ತಿರಲಿಲ್ಲ. ಹಸಿಯನ್ನೇ ಕಟ್ಟಿಕೊಂಡು ಗೋವಿನಜೋಳದ ಕಳೆ ತೆಗೆಯಲು ಹೋಗುತ್ತಿದ್ದಳು. ನಡೆಯುವಾಗ ತೊಡೆ ಉಜ್ಜಿ ಹುಣ್ಣಾಗಿ ಕಾಲು ಅಗಲಿಸಿ ನಡೆಯುವುದನ್ನು ನಾನು ನೋಡಿದೆ. ಅಣ್ಣ ಅಂತ ಏನು ಕೇಳಲಿ?

ಅದೇ ವಾರ ಕಾಶಿನಾಥ ಧಾರವಾಡದಿಂದ ಒಬ್ಬರು ಮೇಡಂ ಅವರನ್ನು ಕರೆಸಿದ. ನಂದಾ ಮೇಡಂ. ಗಿಡದ ರೋಗ ನೋಡುವವರು. ಹಳ್ಳದಲ್ಲಿ ಇಳಿಯಲು ಆಳು ಬೇಕಿತ್ತು. ನೀರು ಮುಟ್ಟಬಾರದು ಅಂದವನೇ ನನ್ನನ್ನು ನೀರಿಗೆ ಇಳಿಸಿದ.

ಮೇಡಂ ಬಲೆಚೀಲದಲ್ಲಿ ಹಸಿರು ಎಲೆ ತುಂಬಿ ಕೊಟ್ಟರು. ಹಗ್ಗ ಕಟ್ಟಿ ನೀರಲ್ಲಿ ತೇಲಿಬಿಡಬೇಕು. ಎದೆಮಟ್ಟ ನೀರಲ್ಲಿ ನಿಂತೇ ಕೇಳಿದೆ. “ಇದರಿಂದ ಏನಾಕ್ಕೈತ್ರಿ?”

“ಗಾಳ ಇದ್ದಂಗಪ. ಮೀನಕ್ಕ ಎರಿಹುಳ ಕಟ್ಟತಿ ಇಲ್ಲೊ? ಹಂಗ ಈ ರೋಗಕ್ಕ ಎಲಿ. ಅದರ ಬೀಜ ಕಣ್ಣಿಗೆ ಕಾಣಂಗಿಲ್ಲ. ಬಾಲ ಇರ್ತಾವು, ನೀರಾಗ ಈಜತಾವು. ಹಸರ ಎಲಿ, ಗಿಡದ ಬೇರು ಸಿಕ್ರ ಕಚ್ಚಿಕೊಳ್ತಾವು. ಐದು ದಿನಕ್ಕ ಎಲಿ ಮ್ಯಾಲೆ ಕರಿ ಕಲಿ ಏಳತಾವು.”

“ಸತ್ತ ಬಳ್ಳಿಯಾಗೂ ಇರ್ತಾವೇನ್ರಿ?”

“ಅದರಾಗ ಹೆಚ್ಚು. ಕೊಳತದ್ದ ಅದರ ಮನಿ.”

ನನ್ನ ಬೆನ್ನಿನ ಮೇಲೆ ಹೋದ ವರ್ಷದ ಲೋಳೆ ಮತ್ತೆ ಹರಿದ ಹಾಗಾಯಿತು. “ಹರಿಯೂ ನೀರಿನ ಎದುರಿಗೆ ಈಜಿ ಮ್ಯಾಲಿನ ತ್ವಾಟಕ್ಕ ಹೊಕ್ಕಾವೇನ್ರಿ?”

ಮೇಡಂ ನಕ್ಕರು. “ಹಳ್ಳ ಮ್ಯಾಲಕ್ಕ ಹರಿತೈತೇನೊ?”

ಇಲ್ಲ. ಹರಿಯುವುದಿಲ್ಲ. ಮೇಲಿನ ತೋಟದ ಅರ್ಧ ಹೋದ ವರ್ಷವೇ ಸತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಗುಡಿಯ ಕಟ್ಟೆಯ ಮೇಲೆ ಕೂತ ಒಬ್ಬನಿಗೂ ಅದು ನೆನಪಾಗಲಿಲ್ಲ.

“ಹಂಗಾದ್ರ ಈ ಚೀಲಾ ಬರೇ ನಮ್ಮ ದಡದ ಕೆಳಗಷ್ಟ ಯಾಕ್ರಿ? ಮ್ಯಾಲೂ ಹಾಕ್ರಿ.”

ಕಾಶಿನಾಥ ದಂಡೆಯಿಂದ ಕೂಗಿದ. “ಲೇ, ಎಂಟನೇತ್ತಾಗ ಸಾಲಿ ಬಿಟ್ಟ ಓಡಿದಾವ, ನೀ ಮೇಡಂಗ ಕಲಿಸ್ತೀ? ಮ್ಯಾಲಿಂದು ಬ್ಯಾರೆ ಮಾತು. ಅದು ಬಿಸಿಲಿಗೆ ಹೋತು.”

ಮೇಡಂ ಅವನನ್ನು ನೋಡಿದರು, ನನ್ನನ್ನು ನೋಡಿದರು. “ಬರೇ ಕೆಳಗ ನೋಡಿದ್ರ ರೋಗ ಐತೋ ಇಲ್ಲೋ ಹೇಳಬಹುದು. ಎಲ್ಲಿಂದ ಬಂತು ಅಂತ ಹೇಳಾಕ ಬರಂಗಿಲ್ರಿ,” ಅಂತ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಕೆಟ್ಟವರಲ್ಲ. ಆದರೆ ಮಧ್ಯಾಹ್ನದ ಊಟ ಗೌಡರ ಮನೆಯಲ್ಲಿತ್ತು. ಉಂಡು ಜೀಪು ಹತ್ತಿ ಹೋದರು.

ನಾನು ಸೀದಾ ಮಶಾಕಸಾಬನ ಮನೆಗೆ ಹೋದೆ. ಮಶಾಕಸಾಬ ಹೆಚ್ಚಾಗಿ ಗೌಡರ ತೋಟದ ಎಲೆ ಕೊಂಡು ಕಲಘಟಗಿ ಸಂತೆಯಲ್ಲಿ ಮಾರುವವನು. ಒದ್ದೆ ಗೋಣಿಯ ಮೇಲೆ ಎಲೆ ಜೋಡಿಸುತ್ತ ಕೂತಿದ್ದ.

“ಕಾಕಾ, ಎಲಿ ಬೇಕು. ಚೊಲೋವು. ಗೌಡ್ರ ತ್ವಾಟದ್ದು ಬ್ಯಾಡ, ಬ್ಯಾರೆ ಊರಿಂದು ಕೊಡು.”

“ಯಾಕಲೇ, ಹೆಣ್ಣ ನೋಡಾಕ ಹೊಂಟಿಯೇನು?”

“ಇಲ್ಲ. ಸಾಕ್ಷಿ ಹೇಳಸಾಕ.”

“ಎಲಿ ಸಾಕ್ಷಿ ಹೇಳತೈತೆ? ಸುಣ್ಣ ಹೆಚ್ಚಾತಂದ್ರ ಬಾಯಿ ಸುಡತೈತಿ, ಅಷ್ಟ ಅದಕ್ಕ ಗೊತ್ತು.” ಆದರೂ ನಾನು ಹೇಳಿದ್ದನ್ನೆಲ್ಲ ಕೇಳಿದ. ಕೇಳಿ ಗಡ್ಡ ಕೆರೆದುಕೊಂಡ. “ಗೌಡ್ರಿಗೆ ಗೊತ್ತಾತಂದ್ರ ನನಗ ಎಲಿ ಬಂದ್ ಮಾಡ್ತಾರ, ಮಗನ.”

“ಕೊಡಬ್ಯಾಡ ಹಂಗಾದ್ರ.”

“ಕೊಡಂಗಿಲ್ಲಂತ ಯಾವಾಗ ಅಂದ್ನೊ ಖೋಡಿ? ನಡಿ, ಚೀಲಾ ನಾನ ಕಟ್ಟತೀನಿ. ನೀ ಒಬ್ಬಾಂವ ಕಟ್ಟಿದ್ರ ನಾಳೆ ಇಂವ ಮಸಿ ಹಚ್ಚ್ಯಾನ ಅಂತಾರ.”

ಉಳ್ಳಾಗಡ್ಡಿಯ ಹರಕು ಬಲೆಚೀಲ ಮೂರು ತಂದೆವು. ಒಂದೇ ಕಟ್ಟಿನ ಎಲೆ, ಒಂದೊಂದರಲ್ಲಿ ಹತ್ತು. ಮಶಾಕಸಾಬ ಬಾಯಿಗೆ ಕಟ್ಟಿ ತನ್ನ ಗಂಟು ಹಾಕಿದ. ಎಲೆ ವ್ಯಾಪಾರಿಯ ಗಂಟು, ಬೇರೆಯವರಿಗೆ ಬರುವುದಿಲ್ಲ. ಮೊದಲನೆಯದು ಅಡವಿಯ ಬಾಯಲ್ಲಿ, ತೋಟಗಳಿಗಿಂತ ಮೇಲೆ. ಎರಡನೆಯದು ಮೇಲಿನ ತೋಟ ದಾಟಿ, ಬಳ್ಳಿ ಬಿಟ್ಟ ಮಡುವಿನ ಕೆಳಗೆ, ನಮ್ಮ ದಡಕ್ಕಿಂತ ಮೇಲೆ. ಮೂರನೆಯದು ನಮ್ಮ ದಡದ ಕೆಳಗೆ.

ಅಮಾಸೆಯ ಮರುದಿನ, ಚೀಲ ಬಿಟ್ಟ ಐದನೆಯ ದಿನ.

ಬೆಳಿಗ್ಗೆ ಇಬ್ಬರೂ ಹೋಗಿ ಎತ್ತಿದೆವು. ಮೊದಲ ಚೀಲದ ಎಲೆ ನೀರು ಕುಡಿದು ಮೆತ್ತಗಾಗಿದ್ದವು, ಆದರೆ ಹಸಿರು. ಹತ್ತಕ್ಕೆ ಹತ್ತು. ಎರಡನೆಯದನ್ನು ಎತ್ತಿದಾಗಲೇ ವಾಸನೆ ಬಂತು. ಸುಟ್ಟ ಕಲೆಯಂಥ ಕರಿ ಮಚ್ಚೆ, ಅಂಚಿಗೆ ನೀರು ಹಬ್ಬಿದಂತೆ. ಒಂದು ಎಲೆ ಬೆರಳಿಗೆ ಅಂಟಿ ಹರಿಯಿತು. ಮೂರನೆಯದೂ ಹಾಗೇ.

“ಯಾ ಅಲ್ಲಾ,” ಅಂದ ಮಶಾಕಸಾಬ. “ಎಲಿ ಮಾತಾಡೇ ಬಿಟ್ಟೈತಲ್ಲೊ.”

ನನಗೆ ಖುಷಿಯಾಗಲಿಲ್ಲ. ಆ ಮಡುವಿಗೆ ಬಳ್ಳಿ ಇಳಿಸಿದ್ದು ನನ್ನ ಹೆಗಲು. ನೇರಳೆ ಕೊಂದದ್ದು, ಹುಲಗಲ ಕೊಂದದ್ದು, ನಮ್ಮ ಹೊಳೆಮತ್ತಿಗೆ ವಿಷ ಇಟ್ಟದ್ದು ನಮ್ಮ ಹೆಗಲು. ಹೇಳಿದವರು ಅವರು, ಹೊತ್ತವರು ನಾವು. ಈಗ ತಪ್ಪು ಮಾತ್ರ ನನ್ನ ತಂಗಿಯ ಬಟ್ಟೆಯದು.

ದಡಕ್ಕೆ ಬಂದಾಗ ಎರಡು ಕಲ್ಲುಕಂಬ ನೆಟ್ಟಾಗಿತ್ತು. ಒಂದು ಎಳೆ ತಂತಿಯನ್ನು ಬಿಗಿದು ಎಳೆದಿದ್ದರು. ಉಳಿದದ್ದು ಸುರುಳಿ ಸುತ್ತಿ ಬಿದ್ದಿತ್ತು. ಈರಬಸಪ್ಪ ಗೌಡರು ಹೊಳೆಮತ್ತಿಯ ಬೇರಿನ ಮೇಲೆ ಟವೆಲ್ ಹಾಸಿ ಕೂತಿದ್ದರು. ಬಾಜೂ ಕಾಶಿನಾಥ. ಕೇರಿಯವರೆಲ್ಲ ತಂತಿಯ ಈಚೆಗೆ ನಿಂತಿದ್ದರು. ಅವ್ವ ಇದ್ದಳು. ಎಲ್ಲರ ಹಿಂದೆ ಭಾಗ್ಯಾ ಇದ್ದಳು.

ನಾನು ತಂತಿಯ ಕೆಳಗೆ ನುಸುಳಿ ಹೋಗಿ ಅವ್ವ ಬಟ್ಟೆ ಒಗೆಯುವ ಬಂಡೆಯ ಮೇಲೆ ಎಲೆಗಳನ್ನು ಮೂರು ಸಾಲು ಹರವಿದೆ.

“ಇದು ಅಡವಿ ನೀರು. ಹಸರ ಐತಿ. ಇದು ನಿಮ್ಮ ತ್ವಾಟ ದಾಟಿದ ನೀರು. ಕೊಳತೈತಿ. ಇದು ನಮ್ಮ ದಡ ದಾಟಿದ ನೀರು. ಅದೂ ಹಂಗ. ಗೌಡ್ರ, ಹೇಳ್ರಿ ಈಗ. ನಮ್ಮ ದಡಕ್ಕ ಬರೂಕಿಂತ ಮೊದಲ ನೀರು ಕೆಟ್ಟೈತಿ. ಕೆಡಿಸಿದವರು ಯಾರು?”

ಕಾಶಿನಾಥ ಎದ್ದ. “ಏನರ ಹಚ್ಚಿ ತಂದಾನ ಸೂಳಿಮಗ.”

“ಗಂಟ ನಂದೈತ್ರಿ ಸಾವ್ಕಾರ,” ಎಂದು ಮಶಾಕಸಾಬ ಮುಂದೆ ಬಂದ. “ಕಟ್ಟಿದಾಂವ ನಾನು, ಬಿಚ್ಚಿದಾಂವ ನಾನು. ನಾಕೂರು ಸಂತ್ಯಾಗ ಎಲಿ ಮಾರೀನಿ. ಎಲಿ ವಿಷಯದಾಗ ಸುಳ್ಳ ಹೇಳಿದ್ರ ನನ್ನ ನಾಲಿಗಿ ಕೆಂಪ ಆಗೂದಿಲ್ರಿ.”

ಯಾರೋ ನಕ್ಕರು. ಈ ಸಲ ನಗು ನಮ್ಮ ಕಡೆಯದು.

ಗೌಡರು ಎಲೆ ನೋಡಿದರು. ಅರ್ಥವಾಯಿತು ಅವರಿಗೆ. ಆ ಮುಖದಲ್ಲಿ ಅರ್ಥವಾದದ್ದನ್ನು ನಾನು ಕಂಡೆ. ಆದರೆ ಬಾಯಿಂದ ಬಂದದ್ದೇ ಬೇರೆ.

“ಆತ ಬಿಡ್ರಿ. ಊರು ಅಂದ ಮ್ಯಾಲೆ ಒಂದು ಮಾತು ಬರತೈತಿ, ಹೋಗತೈತಿ. ಬೇಲಿ ಸದ್ಯಕ್ಕ ನಿಲ್ಲಸೂಣು. ಈಗ ಕೆಳಗಿನ ತ್ವಾಟದ್ದು ಸತ್ತ ಬಳ್ಳಿ ಕಿತ್ತು ದಾರಿಗೆ ಹಾಕೇವಿ. ಮ್ಯಾಲಿಂದೂ ಉಳಿದದ್ದು ಐತಿ. ನೀವು ಹೊತ್ತು ಹಳ್ಳಕ್ಕ ಬಿಟ್ಟ ಬರ್ರಿ. ನೀವ ಬಿಡೂ ಪದ್ಧತಿ ಬಿದ್ದೈತಿ. ಬೇಲಿದು ಆಮ್ಯಾಲೆ ನೋಡೂಣು.”

ಚಂಚಿಯಿಂದ ಎಲೆ ಅಡಿಕೆ ತೆಗೆದರು. ಮಾತು ಮುಗಿಯಿತು ಅನ್ನುವುದಕ್ಕೆ ಅದೇ ಗುರುತು. ನಮ್ಮವರಿಗೆ ಅದನ್ನು ಕೈಗೆ ಕೊಡುವುದಿಲ್ಲ. ನಾವು ಟವೆಲ್ಲಿನ ತುದಿ ಚಾಚಬೇಕು. ಮೇಲಿಂದ ಬಿಡುತ್ತಾರೆ. ನಮ್ಮಪ್ಪ ಇಪ್ಪತ್ತು ವರ್ಷ ಚಾಚಿದ್ದಾನೆ.

ಗೌಡರ ಕೈ ನನ್ನ ಮುಂದೆ ಬಂತು. ನನ್ನ ಟವೆಲ್ ಹೆಗಲ ಮೇಲೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ.

“ಹಿಡಿಯೊ ಯಮನೂರ್ಯಾ.”

“ಕೈಯಾಗ ಕೊಡ್ರಿ.”

ಗೌಡರ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಬೆರಳು ಬಿಚ್ಚಿದವು. ಎಲೆ ಅಡಿಕೆ ಕೆಸರಲ್ಲಿ ಬಿತ್ತು.

“ಹೊರೂದಿಲ್ಲ,” ಅಂದೆ. “ಹಳ್ಳಕ್ಕ ಅಂತೂ ಹೊರೂದಿಲ್ಲ. ಹೋದ ವರ್ಷ ಹೊತ್ತಿದ್ದಕ್ಕ ಈ ಗಿಡದ ಕಾಲಿಗೆ ಬೀಳಬೇಕಾಗೇತಿ. ನಿಮ್ಮ ಲಕ್ಷ್ಮಿ ನಿಮ್ಮ ಮನ್ಯಾಗ ಇರಲಿ. ಆಕಿ ಹೆಣಾ ನಮ್ಮ ನೀರಾಗ ಬ್ಯಾಡ.”

“ಹೊರದಿದ್ರ ಯಾವಾಂವ ಹೊರತಾನ?” ಕಾಶಿನಾಥ ಒದರಿದ.

“ನಿನಗೂ ಎರಡ ಹೆಗಲ ಅದಾವಲ್ಲೊ.”

ಅವನು ನನ್ನ ಕಪಾಳಕ್ಕೆ ಹೊಡೆದ. ಕಿವಿ ಗುಂಯ್ ಅಂದಿತು. ನಾನು ಅವನ ಕೈ ಹಿಡಿದೆ. ಹೊಡೆಯಲಿಲ್ಲ. ಹಿಡಿದೆ, ಅಷ್ಟೇ. ಮಣ್ಣು ಹೊತ್ತ ಕೈ. ಅವನಿಗೆ ಬಿಡಿಸಿಕೊಳ್ಳಲಾಗಲಿಲ್ಲ. ಅದನ್ನು ಊರು ನೋಡಿತು. ಬೇಕಾದಷ್ಟು ಹೊತ್ತು ನೋಡಿದ ಮೇಲೆ ಬಿಟ್ಟೆ.

ಆಗ ನಮ್ಮಪ್ಪ ಮುಂದೆ ಬಂದ. ವಾಲಿದ ಕುತ್ತಿಗೆಯವನು. ಅವನು ಮಾತಾಡಿದ್ದನ್ನು ನಾನು ಸಭೆಯಲ್ಲಿ ಯಾವತ್ತೂ ಕೇಳಿರಲಿಲ್ಲ.

“ನಡೀರಿ,” ಅಂದ ಕೇರಿಯವರಿಗೆ. “ಬಳ್ಳಿ ಹೊರೂಣು. ಎಲ್ಲಿಗಿ ಒಯ್ಯಬೇಕು ನಾ ಹೇಳತೀನಿ.”

ಕೆಳಗಿನ ತೋಟದ ದಾರಿಯಲ್ಲಿ ಸಿವುಡುಗಳು ಗುಡ್ಡೆ ಬಿದ್ದಿದ್ದವು. ಹೊತ್ತೆವು. ಹಳ್ಳದ ಕಡೆ ಹೋಗಲಿಲ್ಲ. ಕೇರಿಯ ಹಿಂದಿನ ಕಲ್ಲುಬೋರಿಗೆ ಒಯ್ದೆವು. ನೀರು ಮುಟ್ಟದ ಎತ್ತರದ ಜಾಗ. ಹಸಿ ಬಳ್ಳಿ ಹೊತ್ತಲೊಲ್ಲದು. ಮನೆಮನೆಯಿಂದ ಗೋವಿನಜೋಳದ ಕಣಿಕೆ ತಂದು ಕೆಳಗೆ ಒಟ್ಟಿದೆವು. ಅಪ್ಪ ಬೀಡಿಯ ಕಡ್ಡಿಯಿಂದಲೇ ಹಚ್ಚಿದ.

ರೇವವ್ವ ಕೋಲು ಊರಿಕೊಂಡು ಓಡಿ ಬಂದಳು. “ಲಕ್ಷ್ಮಿನ್ನ ಸುಡತಾರಲ್ರೋ! ಮಾದಿಗ್ಯಾರು ಲಕ್ಷ್ಮಿನ್ನ ಸುಡತಾರಲ್ರೋ!”

ಅವ್ವ ಅವಳ ಮುಂದೆ ನಿಂತಳು. ಬೆನ್ನ ಮೇಲೆ ಲೋಳೆ ಹರಿಯುತ್ತಿತ್ತು. “ಹೌದ್ಬೇ ಎವ್ವಾ. ಹೊತ್ತವರಿಗೆ ಸುಡೂ ಹಕ್ಕು ಐತಿ. ಹೆಣಕ್ಕ ಯಾರು ಹೆಗಲ ಕೊಡತಾರ, ಅವರ ಬೆಂಕಿ ಹಚ್ಚೂದು.”

ಕರಿ ಹೊಗೆ ಎದ್ದಿತು. ಇಡೀ ದಿನ ಉರಿಯಿತು.

ಸಂಜೆಗೆ ಪೊಲೀಸರು ಬಂದರು. ಹೆಸರು ಬರೆದುಕೊಂಡರು. ಕಪಾಳದ ಮೇಲಿನ ಬೆರಳ ಗುರುತು ತೋರಿಸಿ ಅದನ್ನೂ ಬರೆಯಿರಿ ಅಂದೆ. ಜಾತಿ ಕೇಳಿದರು. ಹೇಳಿದೆ. ಬರೆಯುವುದು ನಿಧಾನವಾಯಿತು. ಮಶಾಕಸಾಬನಿಗೆ ಗೌಡರ ಎಲೆ ಬಂದ್ ಆಯಿತು. ಅವನು ಈಗ ಶಲವಡಿ ಕಡೆಯಿಂದ ಹಸಿಮೆಣಸಿನಕಾಯಿ ತಂದು ಮಾರುತ್ತಾನೆ. “ಖಾರ ಚೊಲೋ, ಬೇಲಿ ಇಲ್ಲ” ಅನ್ನುತ್ತಾನೆ. ನಮ್ಮನ್ನು ಗೌಡರ ಹೊಲಕ್ಕೆ ಯಾರೂ ಕರೆಯುವುದಿಲ್ಲ. ಹೊಳೆಮತ್ತಿ ಬದುಕುತ್ತದೋ ಇಲ್ಲವೋ ಗೊತ್ತಿಲ್ಲ. ಅರ್ಧ ಬೋಳಾಗಿದೆ. ಅರ್ಧ ಹಸಿರಿದೆ.

ತಂತಿಯನ್ನು ಬಿಚ್ಚಲು ಅವರು ಬರಲಿಲ್ಲ. ಬಂದು ಬಿಚ್ಚಿದರೆ ಸೋತಂತೆ. ಮುಂದೆ ಎಳೆಯಲೂ ಬರಲಿಲ್ಲ. ಎರಡು ಕಲ್ಲುಕಂಬ, ಒಂದು ಎಳೆ ತಂತಿ, ಹಾಗೇ ನಿಂತಿದೆ.

ಬಳ್ಳಿ ಸುಟ್ಟ ನಾಲ್ಕನೆಯ ದಿನ ಮಳೆ ಬಿಟ್ಟು ಬಿಸಿಲು ಬಿತ್ತು. ಭಾಗ್ಯಾ ಹೊರಸಿನ ಕೆಳಗೆ ಕೈ ಹಾಕಿ ಮುಗ್ಗಿದ ಬಟ್ಟೆಗಳನ್ನೆಲ್ಲ ಎಳೆದಳು. ಬುಟ್ಟಿಯಲ್ಲಿ ಹಾಕಿ, ಮುಚ್ಚದೆ, ಸೊಂಟದ ಮೇಲಿಟ್ಟುಕೊಂಡು ದಡಕ್ಕೆ ನಡೆದಳು. ಬಂಡೆಯ ಮೇಲೆ ಬಡಿದು ಬಡಿದು ಒಗೆದಳು. ಸಪ್ಪಳ ಆಚೆ ದಂಡೆಗೂ ಕೇಳುತ್ತಿತ್ತು. ಸೇತುವೆಯ ಮೇಲೆ ಕಾಶಿನಾಥ ಬೈಕ್ ನಿಲ್ಲಿಸಿದ್ದ.

ಅವನು ನೋಡುತ್ತಿದ್ದಾನೆ ಅಂತ ಅವಳಿಗೆ ಗೊತ್ತಿತ್ತು. ಅವಳು ಒಂದೊಂದೇ ಬಟ್ಟೆ ಹಿಂಡಿದಳು, ಝಾಡಿಸಿದಳು. ಅವನು ತಂದ ತಂತಿಯ ಮೇಲೆ, ಮುಳ್ಳಿಗೆ ಸಿಕ್ಕಿಸಿ, ಅವನ ತೋಟದ ಕಡೆ ಮುಖ ಮಾಡಿ, ಬಿಸಿಲಿಗೆ ಹರವಿದಳು.